ಕ್ಯಾಸಿನೊದ ತೆರಿಗೆ ಪಣಜಿಗೆ, ಸಾಲ ಬೆಳಗಾವಿಗೆ

ಆದಾಯ ತೆರಿಗೆ ವಿವರ ಸಲ್ಲಿಸುವ ಹಂಗಾಮಿನಲ್ಲಿ ಬೆಳಗಾವಿಯ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಕೇಳುವವರು ಕಾಗದಪತ್ರಗಳನ್ನೆಲ್ಲ ಒಪ್ಪಿಸಿ, ಎದ್ದು ಹೊರಡುವ ಹೊತ್ತಿಗೆ, ದನಿ ತಗ್ಗಿಸಿ ಕೇಳುತ್ತಾರೆ: “ಸರ, ಗೋವಾದಾಗ ಗೆದ್ದಿದ್ದಕ್ಕ ಟಿಡಿಎಸ್ ಮುರಕೊಂಡಾರ. ಹಂಗಾದ್ರ ಸೋತಿದ್ದನ್ನ ಖರ್ಚಿಗೆ ಹಾಕಾಕ ಬರ್ತದಲ್ರಿ?” ಬರುವುದಿಲ್ಲ. ಲಾಟರಿ, ಇಸ್ಪೀಟು, ಕುದುರೆ ರೇಸು, ಕ್ಯಾಸಿನೊ ಇವುಗಳಿಂದ ಬಂದ ಗೆಲುವಿಗೆ ಶೇ 30ರಷ್ಟು ಏಕರೂಪದ ತೆರಿಗೆ ಇದೆ. ಅದರ ಮೇಲೆ ಶೇ 4ರಷ್ಟು ಸೆಸ್ ಸೇರುತ್ತದೆ. ಆ ಗೆಲುವಿಗಾಗಿ ಮಾಡಿದ ಯಾವ ಖರ್ಚನ್ನೂ ಕಳೆಯುವಂತಿಲ್ಲ, ಬೇರೆ ದಿನದ ಸೋಲನ್ನು ಅದರೆದುರು ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಎಳೆದುಕೊಂಡು ಹೋಗುವಂತೆಯೂ ಇಲ್ಲ. 1961ರ ಕಾಯ್ದೆಯ ಜಾಗಕ್ಕೆಂದು ರೂಪಿಸಿದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆಯೇ ಹೊರತು ಈ ತತ್ವ ಬದಲಾಗಿಲ್ಲ.

ಒಬ್ಬ ವ್ಯಾಪಾರಿ ಒಂದು ವಾರಾಂತ್ಯದಲ್ಲಿ 60,000 ರೂಪಾಯಿ ಗೆದ್ದು, ಮುಂದಿನ ವಾರಾಂತ್ಯದಲ್ಲಿ 90,000 ರೂಪಾಯಿ ಸೋತನೆಂದು ಇಟ್ಟುಕೊಳ್ಳೋಣ. ಅವನ ಕೈಯಿಂದ ಹೋದದ್ದು 30,000 ರೂಪಾಯಿ. ಆದರೆ ಇಲಾಖೆಯ ದೃಷ್ಟಿಯಲ್ಲಿ ಅವನಿಗೆ 60,000 ರೂಪಾಯಿ ಆದಾಯವಿದೆ, ಅದರ ಮೇಲೆ 18,720 ರೂಪಾಯಿ ತೆರಿಗೆ ಇದೆ. ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ, ಅಂದರೆ ಟಿಡಿಎಸ್, ಅವನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದರಿಂದ ಅದನ್ನು ಮುಚ್ಚಿಡುವ ಮಾತೂ ಇಲ್ಲ. ಸಂಬಳದಾರರು ರೂಢಿಯಂತೆ ತುಂಬುವ ಐಟಿಆರ್-1 ನಮೂನೆ ಇಂಥ ಆದಾಯಕ್ಕೆ ನಡೆಯುವುದೂ ಇಲ್ಲ. ಇದು ಅನ್ಯಾಯವೆಂದು ಕಕ್ಷಿದಾರರು ವಾದಿಸುತ್ತಾರೆ. ಅನ್ಯಾಯವೋ ಅಲ್ಲವೋ, ಜೂಜನ್ನು ಉದ್ಯೋಗವೆಂದು ಒಪ್ಪದೆ ಅದರ ಫಲದಲ್ಲಿ ಮಾತ್ರ ಪಾಲು ಕೇಳುವ ಸರ್ಕಾರದ ನಿಲುವು ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ತೆರಿಗೆ ಆಟ ಆರಂಭವಾಗುವ ಮೊದಲೇ ಬೀಳುತ್ತದೆ, ಮತ್ತು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿಯು ಕ್ಯಾಸಿನೊಗಳಲ್ಲಿ ಗಿರಾಕಿ ಕೊಳ್ಳುವ ಚಿಪ್ಸ್‌ಗಳ (ಹಣದ ಬದಲು ಆಟಕ್ಕೆ ಹಚ್ಚುವ ಬಿಲ್ಲೆಗಳ) ಪೂರ್ಣ ಮೌಲ್ಯದ ಮೇಲೆ ಶೇ 28ರಷ್ಟು ತೆರಿಗೆ ಹಾಕಲು ತೀರ್ಮಾನಿಸಿತು. ಅದು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ದರ ಶೇ 40ಕ್ಕೆ ಏರಿದೆ. ತೆರಿಗೆ ಸೇರಿಸಿಯೇ 10,000 ರೂಪಾಯಿ ಕೊಟ್ಟು ಚಿಪ್ಸ್ ಪಡೆದರೆ ಅದರಲ್ಲಿ 2,857 ರೂಪಾಯಿ ತೆರಿಗೆ. ಮೇಜಿಗೆ ಒಯ್ಯಲು ಉಳಿಯುವುದು 7,143 ರೂಪಾಯಿ. ಒಂದೂ ಆಟ ಆಡದೆ ಮನಸ್ಸು ಬದಲಿಸಿ ಚಿಪ್ಸ್ ಮರಳಿಸಿದರೂ ಆ ತೆರಿಗೆ ಮರಳುವುದಿಲ್ಲ, ಏಕೆಂದರೆ ಮರಳಿಸಿದ ಮೊತ್ತವನ್ನು ಮೌಲ್ಯದಿಂದ ಕಳೆಯಬಾರದೆಂದು ನಿಯಮವೇ ಹೇಳುತ್ತದೆ. ಆದರೆ ಗೆದ್ದ ಹಣವನ್ನು ಹೊರಗೆ ತೆಗೆಯದೆ ಮತ್ತೆ ಆಟಕ್ಕೆ ಹಚ್ಚಿದರೆ ಅದಕ್ಕೆ ಪುನಃ ತೆರಿಗೆ ಬೀಳುವುದಿಲ್ಲ.

ಈ ಕೊನೆಯ ಎರಡು ಅಂಶಗಳನ್ನು ಒಟ್ಟಿಗೆ ಓದಬೇಕು. ಒಳಗೆ ಬರುವಾಗ ಭಾರಿ ತೆರಿಗೆ, ಒಳಗೇ ಉಳಿದರೆ ತೆರಿಗೆಯಿಲ್ಲ ಎಂಬ ಏರ್ಪಾಡಿನಲ್ಲಿ ಬೇಗ ಎದ್ದು ಹೋಗುವ ಗಿರಾಕಿಗೇ ಹೆಚ್ಚು ನಷ್ಟ. ಬೆಳಗಿನ ತನಕ ಕೂತವನಿಗೆ ಅದೇ ತೆರಿಗೆ ಹೆಚ್ಚು ಆಟಗಳ ಮೇಲೆ ಹಂಚಿಹೋಗುತ್ತದೆ. ಜೂಜನ್ನು ಹತ್ತಿಕ್ಕಲೆಂದು ಹಾಕಿದ ತೆರಿಗೆಯು ಜೂಜುಗಾರನನ್ನು ಹೆಚ್ಚು ಹೊತ್ತು ಕೂರಿಸುವ ಪ್ರಲೋಭನೆಯನ್ನೂ ಒಡ್ಡುತ್ತಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಕುರಿತು ಸಾರ್ವಜನಿಕವಾಗಿ ಚರ್ಚೆ ನಡೆದದ್ದು ಕಡಿಮೆ. ಅಮೆರಿಕದ ನೆವಾಡಾ ರಾಜ್ಯ ಹೀಗೆ ಮಾಡುವುದಿಲ್ಲ. ಅಲ್ಲಿ ತೆರಿಗೆ ಇರುವುದು ಕ್ಯಾಸಿನೊ ಗಿರಾಕಿಗಳಿಂದ ನಿವ್ವಳವಾಗಿ ಗೆದ್ದುಕೊಂಡ ಮೊತ್ತದ ಮೇಲೆ, ಗರಿಷ್ಠ ದರ ಶೇ 6.75. ಗೋವಾ ಸರ್ಕಾರವೂ 2023ರಲ್ಲಿ ಮಂಡಳಿಯ ಮುಂದೆ ನಿವ್ವಳ ಆದಾಯದ ಮೇಲೆಯೇ ತೆರಿಗೆ ಇರಲೆಂದು ವಾದಿಸಿ ಸೋತಿತು.

ತೆರಿಗೆ ಯಾರ ಬೊಕ್ಕಸಕ್ಕೆ ಹೋಗುತ್ತದೆ ಎಂಬುದು ನಮ್ಮ ಜಿಲ್ಲೆಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಜಿಎಸ್‌ಟಿ ಮೂಲತಃ ಬಳಕೆ ನಡೆಯುವ ರಾಜ್ಯಕ್ಕೆ ಸೇರುವ ತೆರಿಗೆ. ಕೊಯಮತ್ತೂರಿನಲ್ಲಿ ತಯಾರಾದ ಪಂಪನ್ನು ಗೋಕಾಕದ ವ್ಯಾಪಾರಿ ತರಿಸಿಕೊಂಡರೆ ರಾಜ್ಯದ ಪಾಲು ಕರ್ನಾಟಕಕ್ಕೆ ಬರುತ್ತದೆ. ಕ್ಯಾಸಿನೊದಲ್ಲಿ ಸೇವೆ ನಡೆಯುವ ಜಾಗವೇ ಬಳಕೆಯ ಜಾಗವೂ ಆಗಿರುವುದರಿಂದ ಮೇಲಿನ 2,857 ರೂಪಾಯಿಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ಗೋವಾಕ್ಕೆ. ಪರವಾನಗಿ ಶುಲ್ಕವೆಂದು ಕ್ಯಾಸಿನೊಗಳು ಕಟ್ಟುವ ಕೋಟಿಗಟ್ಟಲೆ ಹಣ ಪೂರ್ತಿ ಗೋವಾದ್ದು. ಹಣ ಹೊರಟದ್ದು ಮಾತ್ರ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಿಂದಲೋ, ಉದ್ಯಮಬಾಗದ ಫೌಂಡ್ರಿಯಿಂದಲೋ, ಚಿಕ್ಕೋಡಿ ಭಾಗದ ಕಬ್ಬಿನ ಬಿಲ್ಲಿನಿಂದಲೋ. ಬೆಳಗಾವಿಯಿಂದ ಗೋವಾಕ್ಕೆ ದಿನವೂ ಹೋಗುವ ತರಕಾರಿ, ಹಾಲಿಗೆ ಪ್ರತಿಯಾಗಿ ದುಡ್ಡು ಬರುತ್ತದೆ. ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿದು ಶನಿವಾರ ಸಂಜೆ ಪಣಜಿ ಸೇರುವ ಕಾರುಗಳಲ್ಲಿ ಹೋಗುವ ದುಡ್ಡಿಗೆ ಪ್ರತಿಯಾಗಿ ಬರುವುದು ಬಹುತೇಕ ಏನೂ ಇಲ್ಲ.

ಈ ವ್ಯವಸ್ಥೆ ಆಕಸ್ಮಿಕವಾಗಿ ಹುಟ್ಟಿದ್ದಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪಣ ಮತ್ತು ಜೂಜು ರಾಜ್ಯಪಟ್ಟಿಯ 34ನೇ ವಿಷಯ. ಹೀಗಾಗಿ ಒಂದು ರಾಜ್ಯ ನಿಷೇಧಿಸಿದ್ದನ್ನು ಪಕ್ಕದ ರಾಜ್ಯ ಅನುಮತಿಸಬಹುದು. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮೆಷಿನ್‌ನಂಥ ಎಲೆಕ್ಟ್ರಾನಿಕ್ ಆಟಗಳಿಗೆ ಅವಕಾಶ ಕೊಟ್ಟಿತು. 1996ರಲ್ಲಿ ಇನ್ನೊಂದು ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಬಾಗಿಲು ತೆರೆಯಿತು. ಇಂದು ಪಣಜಿಯ ಮಾಂಡೋವಿ ನದಿಯಲ್ಲಿ ಆ ಹಡಗುಗಳು ನಿಂತಿವೆ. ಮಾಂಡೋವಿ ಎಂದರೆ ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ಆ ನೀರಿನ ಪಾಲಿಗಾಗಿ ಉಭಯ ರಾಜ್ಯಗಳು ದಶಕಗಳಿಂದ ಕಚ್ಚಾಡುತ್ತಿದ್ದರೂ, ಅದರ ಮೇಲೆ ತೇಲುವ ವ್ಯವಹಾರದ ಲಾಭನಷ್ಟದ ಹಂಚಿಕೆಯನ್ನು ಯಾರೂ ವಿವಾದದ ವಿಷಯವೆಂದು ಕೂಡ ಎಣಿಸಿಲ್ಲ.

ಇನ್ನು ಸ್ಲಾಟ್ ಮೆಷಿನ್ ವಿಚಾರ. ನಮ್ಮವರು ಕ್ಯಾಸಿನೊ ಎಂದರೆ ಅಂದರ್-ಬಾಹರ್, ತೀನ್‌ಪತ್ತಿ, ರೂಲೆಟ್ ಮೇಜುಗಳನ್ನು ನೆನೆಯುತ್ತಾರೆ. ಗೋಡೆಗುಂಟ ನಿಂತ ಯಂತ್ರಗಳನ್ನು ಹೆಂಗಸರು, ಹುಡುಗರು ಹೊತ್ತು ಕಳೆಯುವ ಆಟಿಕೆ ಎಂದುಕೊಳ್ಳುತ್ತಾರೆ. ಅಮೆರಿಕದ ಕ್ಯಾಸಿನೊಗಳ ಆದಾಯದ ಹೆಚ್ಚಿನ ಪಾಲು ಬರುವುದು ಈ ಯಂತ್ರಗಳಿಂದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಮೂರು ಗಾಲಿಗಳ ಯಂತ್ರ ತಯಾರಿಸಿದಾಗ ಅದು ನಿಜಕ್ಕೂ ಗಾಲಿ, ಸ್ಪ್ರಿಂಗುಗಳ ಆಟವಾಗಿತ್ತು: ಗಾಲಿಯ ಮೇಲೆ ಎಷ್ಟು ಚಿತ್ರಗಳಿವೆಯೋ ಅವುಗಳಲ್ಲಿ ಯಾವುದಾದರೂ ಒಂದು ಬಂದು ನಿಲ್ಲಬೇಕು. 1984ರಲ್ಲಿ ಇಂಗೆ ಟೆಲ್ನಾಯಸ್ ಎಂಬ ಎಂಜಿನಿಯರ್ ಪಡೆದ ಪೇಟೆಂಟ್ ಈ ಸಂಬಂಧವನ್ನೇ ಕಡಿದುಹಾಕಿತು.

ಕಣ್ಣಿಗೆ ಕಾಣುವ ಗಾಲಿಯಲ್ಲಿ 22 ನಿಲುಗಡೆಗಳಿವೆ, ಜಾಕ್‌ಪಾಟ್ ಚಿತ್ರ ಒಂದೇ ಒಂದು ಇದೆ ಎನ್ನೋಣ. ಅಂಥ ಮೂರು ಗಾಲಿಗಳಲ್ಲಿ ಮೂರೂ ಜಾಕ್‌ಪಾಟ್ ಬರುವ ಸಾಧ್ಯತೆ 10,648ಕ್ಕೆ ಒಂದು. ಈಗಿನ ಯಂತ್ರದಲ್ಲಿ ಗಾಲಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಒಳಗಿನ ಕಂಪ್ಯೂಟರ್ ಚಿಪ್ ಹುಟ್ಟಿಸುವ ಯಾದೃಚ್ಛಿಕ ಸಂಖ್ಯೆ, ಮತ್ತು ಆ ಸಂಖ್ಯೆಗಳ ಪಟ್ಟಿಯಲ್ಲಿ 22ರ ಬದಲು 64 ಸ್ಥಾನಗಳಿರಬಹುದು. ಜಾಕ್‌ಪಾಟಿಗೆ ಅದರಲ್ಲಿ ಒಂದೇ ಸ್ಥಾನ ಕೊಟ್ಟರೆ ಸಾಧ್ಯತೆ 2,62,144ಕ್ಕೆ ಒಂದು. ಗಾಲಿ ಮಾತ್ರ ಮೊದಲಿನಂತೆಯೇ ಕಾಣುತ್ತದೆ. ಅಷ್ಟಕ್ಕೇ ನಿಲ್ಲದೆ, ಜಾಕ್‌ಪಾಟ್ ಚಿತ್ರದ ಮೇಲಿನ ಮತ್ತು ಕೆಳಗಿನ ಖಾಲಿ ಜಾಗಗಳಿಗೆ ಹೆಚ್ಚು ಸಂಖ್ಯೆಗಳನ್ನು ಹಂಚಿದರೆ ಆ ಚಿತ್ರ ಗೆರೆಯ ಮೇಲೆ ನಿಲ್ಲದೆ ಕೂದಲೆಳೆಯಷ್ಟು ಆಚೀಚೆ ಮತ್ತೆ ಮತ್ತೆ ನಿಲ್ಲುತ್ತದೆ. “ಸ್ವಲ್ಪದರಾಗ ತಪ್ಪಿತು” ಎಂದು ಆಟಗಾರ ಮತ್ತೊಮ್ಮೆ ಗುಂಡಿ ಒತ್ತುತ್ತಾನೆ. ವಾಸ್ತವದಲ್ಲಿ ಅದು ಸ್ವಲ್ಪದರಲ್ಲಿ ತಪ್ಪಿದ್ದೂ ಅಲ್ಲ, ದೂರದಿಂದ ತಪ್ಪಿದ್ದೂ ಅಲ್ಲ.

ಹಣದ ಲೆಕ್ಕ ಇನ್ನೂ ಸರಳ. ಹಾಕಿದ ನೂರು ರೂಪಾಯಿಯಲ್ಲಿ ದೀರ್ಘಾವಧಿಯ ಸರಾಸರಿಯಂತೆ 92 ರೂಪಾಯಿ ಮರಳಿಸುವ ಯಂತ್ರವನ್ನು ಊಹಿಸಿಕೊಳ್ಳಿ. ಕೇಳಲಿಕ್ಕೆ ಉದಾರವೆನಿಸುತ್ತದೆ. ಆರು ಸೆಕೆಂಡಿಗೊಮ್ಮೆ 10 ರೂಪಾಯಿಯಂತೆ ಗುಂಡಿ ಒತ್ತಿದರೆ ಗಂಟೆಗೆ 600 ಆಟ, 6,000 ರೂಪಾಯಿ ಪಣ, ಸರಾಸರಿ 480 ರೂಪಾಯಿ ನಷ್ಟ. ಮೇಲೆ ಹೇಳಿದ 7,143 ರೂಪಾಯಿ ಗೆಲ್ಲುತ್ತ ಸೋಲುತ್ತ ಸುತ್ತಿ ಸುತ್ತಿ ಪೂರ್ತಿ ಕರಗುವ ಹೊತ್ತಿಗೆ ಯಂತ್ರದ ಮೂಲಕ ಸರಾಸರಿ 89,000 ರೂಪಾಯಿಯಷ್ಟು ಪಣ ಹಾದುಹೋಗಿರುತ್ತದೆ. ಆಟಗಾರನಿಗೆ ನೆನಪಿರುವುದು ಆ ನಡುವೆ ಬಂದ ಗೆಲುವುಗಳು. ಕ್ಯಾಸಿನೊದ ಲೆಕ್ಕಿಗನಿಗೆ ಬೇಕಾದದ್ದು ಶೇ 8 ಮತ್ತು ಗಂಟೆಗಳು. ಅವನ ವ್ಯವಹಾರದಲ್ಲಿ ಅದೃಷ್ಟದ ಪಾತ್ರ ಬಹಳ ಸಣ್ಣದು. ಒಬ್ಬ ಗಿರಾಕಿ ದೊಡ್ಡ ಮೊತ್ತ ಗೆದ್ದ ರಾತ್ರಿಯೂ ಅವನಿಗೆ ಜಾಹೀರಾತಿನ ಖರ್ಚು ಅಷ್ಟೇ.

ಇಂಥ ಖಚಿತ ಆದಾಯ ಇರುವ ಕಡೆ ರಾಜಕೀಯ ಬಂದು ಕೂರುವುದು ಸಹಜ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1956ರಲ್ಲಿಯೇ ಕ್ಲಬ್ಬುಗಳಿಗೆ ಈ ಯಂತ್ರಗಳನ್ನು ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆ ಕೊಟ್ಟಿತು. ಕ್ರೀಡೆ, ಊಟ, ಮನರಂಜನೆ ಎಲ್ಲವನ್ನೂ ಈ ಆದಾಯದಿಂದ ನಡೆಸುವ ಕ್ಲಬ್ಬುಗಳು ಊರೂರಿನ ಸಾರ್ವಜನಿಕ ಜೀವನದ ಭಾಗವಾದವು. 2010ರಲ್ಲಿ ಬಹುಮತವಿಲ್ಲದ ಪ್ರಧಾನಿ ಜೂಲಿಯಾ ಗಿಲಾರ್ಡ್, ಪಕ್ಷೇತರ ಸಂಸದ ಆಂಡ್ರ್ಯೂ ವಿಲ್ಕಿಯವರ ಬೆಂಬಲಕ್ಕಾಗಿ ಒಂದು ಮಾತು ಕೊಟ್ಟರು: ಯಂತ್ರದ ಮುಂದೆ ಕೂರುವ ಮೊದಲೇ ತಾನು ಎಷ್ಟು ಸೋಲಲು ಸಿದ್ಧ ಎಂಬ ಮಿತಿಯನ್ನು ಆಟಗಾರ ನಿಗದಿಪಡಿಸಬೇಕೆಂಬ ನಿಯಮ ತರುವುದು. ಕ್ಲಬ್ಬುಗಳು ಆಡಳಿತ ಪಕ್ಷದ ಸಂಸದರ ಕ್ಷೇತ್ರಗಳಲ್ಲಿ ಪ್ರಚಾರಕ್ಕಿಳಿದವು. 2012ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು, ವಿಲ್ಕಿ ಬೆಂಬಲ ಹಿಂಪಡೆದರು. ಬ್ರಿಟನ್ನಿನಲ್ಲಿ ಬೆಟ್ಟಿಂಗ್ ಅಂಗಡಿಗಳ ಯಂತ್ರಗಳಲ್ಲಿ ಒಂದು ಆಟದ ಗರಿಷ್ಠ ಪಣವನ್ನು 100 ಪೌಂಡಿನಿಂದ 2 ಪೌಂಡಿಗೆ ಇಳಿಸುವ ನಿರ್ಧಾರ ತಡವಾಗುತ್ತಿದೆ ಎಂದು ಟ್ರೇಸಿ ಕ್ರೌಚ್ ಎಂಬ ಸಚಿವೆ 2018ರಲ್ಲಿ ರಾಜೀನಾಮೆಯನ್ನೇ ಕೊಟ್ಟರು; 2019ರ ಏಪ್ರಿಲ್‌ನಲ್ಲಿ ಆ ಮಿತಿ ಜಾರಿಗೆ ಬಂತು. ಎರಡು ದೇಶಗಳಲ್ಲೂ ಜಗಳ ನಡೆದದ್ದು ಜೂಜು ಇರಬೇಕೋ ಬೇಡವೋ ಎಂಬುದರ ಮೇಲಲ್ಲ. ಯಂತ್ರದ ಮುಂದೆ ಕೂತವನ ಕೈಯಿಂದ ಎಷ್ಟು ಹೋಗಬಹುದು ಎಂಬ ಸಣ್ಣ ತಾಂತ್ರಿಕ ಅಂಶದ ಮೇಲೆ. ಕ್ಯಾಸಿನೊ ರಾಜಕೀಯದ ನಿಜವಾದ ಚೌಕಾಸಿ ನಡೆಯುವುದು ಅಲ್ಲಿಯೇ.

ಜೂಜಿನಿಂದ ಬದುಕುವ ಸರ್ಕಾರಗಳ ಇನ್ನೊಂದು ಲಕ್ಷಣ ನಮಗೆ ಹೆಚ್ಚು ಹತ್ತಿರದ್ದು. ಮೊನಾಕೊ ಸಂಸ್ಥಾನದ ಮಾಂಟೆ ಕಾರ್ಲೊ ಕ್ಯಾಸಿನೊ ತೆರೆದದ್ದು 1863ರಲ್ಲಿ. ಅದರ ಆದಾಯ ಎಷ್ಟು ಬಂತೆಂದರೆ 1869ರಲ್ಲಿ ಅಲ್ಲಿನ ದೊರೆ ಪ್ರಜೆಗಳ ಮೇಲಿನ ಆದಾಯ ತೆರಿಗೆಯನ್ನೇ ರದ್ದು ಮಾಡಿದ. ಆದರೆ ಅಲ್ಲಿನ ಪ್ರಜೆಗಳು ಆ ಕ್ಯಾಸಿನೊದಲ್ಲಿ ಆಡುವಂತಿಲ್ಲ. ನೇಪಾಳದ ಕ್ಯಾಸಿನೊಗಳಲ್ಲಿ ನೇಪಾಳಿಗರಿಗೆ ಪ್ರವೇಶವಿಲ್ಲ. ಅವು ನಡೆಯುವುದು ಹೆಚ್ಚಾಗಿ ಭಾರತದಿಂದ ಹೋದವರಿಂದ. ಸಿಂಗಪುರ 2010ರಲ್ಲಿ ಎರಡು ಕ್ಯಾಸಿನೊಗಳಿಗೆ ಬಾಗಿಲು ತೆರೆದಾಗ ವಿದೇಶಿಯರಿಗೆ ಉಚಿತ ಪ್ರವೇಶ, ಸ್ವದೇಶಿಯರಿಗೆ ದಿನಕ್ಕೆ 100 ಸಿಂಗಪುರ ಡಾಲರ್ ಪ್ರವೇಶ ಕರ ಎಂದಿಟ್ಟಿತು. 2019ರಲ್ಲಿ ಅದನ್ನು 150 ಡಾಲರಿಗೆ ಏರಿಸಿತು. ಗೋವಾ 2020ರ ಫೆಬ್ರುವರಿ 1ರಿಂದ ತನ್ನ ನಿವಾಸಿಗಳು ಕ್ಯಾಸಿನೊ ಪ್ರವೇಶಿಸುವುದನ್ನು ನಿಷೇಧಿಸಿತು. ಜೂಜಿನಿಂದ ಹಾನಿಯಿಲ್ಲ ಎಂದು ಈ ಯಾವ ಸರ್ಕಾರವೂ ನಂಬಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ತಮ್ಮ ಜನರನ್ನು ಹೊರಗಿಟ್ಟು ನೆರೆಯವರ ಜನರನ್ನು ಒಳಗೆ ಬಿಟ್ಟುಕೊಳ್ಳುವುದೇ ಈ ಆರ್ಥಿಕತೆಯ ಆಧಾರ, ಮತ್ತು ಪಣಜಿಯ ಮಟ್ಟಿಗೆ ಆ ನೆರೆಯವರೆಂದರೆ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರಗಳ ಜನ.

ಹಾಗಾದರೆ ನಾವೇ ಯಾಕೆ ತೆರೆಯಬಾರದು ಎಂಬ ಮಾತು ಆಗಾಗ ಏಳುತ್ತದೆ. 2020ರ ಫೆಬ್ರುವರಿಯಲ್ಲಿ ಅಂದಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಕರ್ನಾಟಕದಲ್ಲೂ ಕ್ಯಾಸಿನೊ ಯೋಚನೆ ಮಾಡಬಹುದೆಂಬ ಅರ್ಥದಲ್ಲಿ ಮಾತಾಡಿ, ವಿರೋಧ ಬಂದ ಮೇಲೆ ಸ್ಪಷ್ಟನೆ ಕೊಡಬೇಕಾಯಿತು. ಮಹಾರಾಷ್ಟ್ರದಲ್ಲಿ 1976ರಷ್ಟು ಹಿಂದೆಯೇ ಕ್ಯಾಸಿನೊ ಕಾಯ್ದೆಯೊಂದು ಅಂಗೀಕಾರವಾಗಿತ್ತು. ಅದು ಎಂದೂ ಜಾರಿಯಾಗದೆ 2023ರಲ್ಲಿ ರದ್ದಾಯಿತು. ನೈತಿಕ ಪ್ರಶ್ನೆಯನ್ನು ಬದಿಗಿಟ್ಟು ಬರೀ ಲೆಕ್ಕದ ದೃಷ್ಟಿಯಿಂದ ನೋಡಿದರೂ ಈ ಸಲಹೆ ನಿಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಅಟ್ಲಾಂಟಿಕ್ ಸಿಟಿಯಲ್ಲಿ 1978ರಲ್ಲಿ ಮೊದಲ ಕ್ಯಾಸಿನೊ ತೆರೆದಾಗ ಸುತ್ತಲಿನ ರಾಜ್ಯಗಳಲ್ಲೆಲ್ಲೂ ಅದು ಇರಲಿಲ್ಲ. 2006ರಲ್ಲಿ ಅಲ್ಲಿನ ಕ್ಯಾಸಿನೊಗಳ ಆದಾಯ 520 ಕೋಟಿ ಡಾಲರ್ ಮುಟ್ಟಿತು. ಅದೇ ವರ್ಷ ಪಕ್ಕದ ಪೆನ್ಸಿಲ್ವೇನಿಯಾ ಸ್ಲಾಟ್ ಮೆಷಿನ್‌ಗಳನ್ನು ಆರಂಭಿಸಿತು. 2014ರ ಒಂದೇ ವರ್ಷದಲ್ಲಿ ಅಟ್ಲಾಂಟಿಕ್ ಸಿಟಿಯ 12 ಕ್ಯಾಸಿನೊಗಳಲ್ಲಿ 4 ಬಾಗಿಲು ಹಾಕಿದವು. ಕ್ಯಾಸಿನೊದ ಲಾಭ ನಿಂತಿರುವುದು ನೆರೆಯವರ ನಿಷೇಧದ ಮೇಲೆ. ಕರ್ನಾಟಕ ತೆರೆದರೆ ಗೋವಾದ ಆದಾಯ ಕುಸಿಯುತ್ತದೆ ನಿಜ, ಆದರೆ ಅಷ್ಟೇ ಆದಾಯ ನಮಗೆ ಬರುವುದಿಲ್ಲ. ನಮ್ಮಲ್ಲಿಗೆ ಹೊರಗಿನವರು ಬರುವುದಕ್ಕಿಂತ ನಮ್ಮವರೇ ನಮ್ಮಲ್ಲಿ ಸೋಲುತ್ತಾರೆ, ಅದೂ ಚೋರ್ಲಾ ಘಾಟಿನ ಮೂರು ತಾಸಿನ ದಾರಿಯ ತಡೆಯೂ ಇಲ್ಲದೆ.

ನಿಷೇಧವೇ ಸಾಕು ಎಂಬ ವಾದವೂ ಅಷ್ಟೇ ಪೊಳ್ಳು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಓಸಿ ಮಟ್ಕಾ ನಿಲ್ಲಲಿಲ್ಲ. 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ಆನ್‌ಲೈನ್ ಜೂಜು ನಿಷೇಧದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆ ಮಾಡಿತು. ಮಾಂಡೋವಿಯ ಹಡಗುಗಳು ಅದರ ವ್ಯಾಪ್ತಿಯಲ್ಲಿಲ್ಲ. ಅದೇ ತಿಂಗಳು ಜಾರಿ ನಿರ್ದೇಶನಾಲಯವು ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಚಿತ್ರದುರ್ಗದ ಶಾಸಕರನ್ನು ಗ್ಯಾಂಗ್ಟಕ್‌ನಲ್ಲಿ ಬಂಧಿಸಿ, ಗೋವಾದ ಕ್ಯಾಸಿನೊಗಳಲ್ಲೂ ಶೋಧ ನಡೆಸಿತು. ಆರೋಪದ ಸತ್ಯಾಸತ್ಯ ತೀರ್ಮಾನವಾಗುವುದು ನ್ಯಾಯಾಲಯದಲ್ಲಿ. ನಮ್ಮ ರಾಜ್ಯದ ರಾಜಕಾರಣಕ್ಕೂ ಹೊರರಾಜ್ಯದ ಜೂಜಿನ ಮೇಜಿಗೂ ನಂಟಿದೆಯೇ ಎಂಬ ಪ್ರಶ್ನೆ ಮಾತ್ರ ಆಗ ಎಲ್ಲರ ಬಾಯಲ್ಲೂ ಬಂತು.

ಜೂಜಿನ ಸಾಲ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನಿಂದ ಎಂದೂ ಕಾಣಿಸಿಕೊಳ್ಳುವುದಿಲ್ಲ. ಮೊದಲು ಮಾಲೀಕರ ಸ್ವಂತ ಖರ್ಚಿನ ಖಾತೆ ಉಬ್ಬುತ್ತದೆ, ಅದರಲ್ಲಿ ಶನಿವಾರದ ತಾರೀಖುಗಳು ಹೆಚ್ಚು. ಆಮೇಲೆ ಬ್ಯಾಂಕಿನ ಸಿಸಿ ಖಾತೆ (ವ್ಯಾಪಾರಕ್ಕೆಂದು ಮಿತಿ ಹಾಕಿ ಕೊಡುವ ಸಾಲದ ಖಾತೆ) ವರ್ಷವಿಡೀ ಮಿತಿಯ ಅಂಚಿಗೆ ಅಂಟಿಕೊಂಡಿರುತ್ತದೆ, ದಾಸ್ತಾನು ಮಾತ್ರ ಕಾಗದದ ಮೇಲೆ ಬೆಳೆಯುತ್ತದೆ. ನಂತರ “ಕೈಗಡ” ಎಂಬ ಶಿರೋನಾಮೆಯಡಿ ಪರಿಚಯವಿಲ್ಲದ ಹೆಸರುಗಳು ಬರುತ್ತವೆ. ವಾರದ ಬಡ್ಡಿಗೆ ತಂದ ದುಡ್ಡು ಅದು. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ ಇರುವಲ್ಲಿ, ಕ್ಯಾಸಿನೊಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ದೊಡ್ಡ ನಗದು ವ್ಯವಹಾರಗಳ ವರದಿ ಕೊಡಬೇಕಾದವರ ಪಟ್ಟಿಯಲ್ಲಿರುವಲ್ಲಿ, ದೊಡ್ಡ ಮೊತ್ತಗಳು ಚೂರುಚೂರಾಗಿ ಹೋಗುತ್ತವೆ. ದುಬಾರಿ ಬಡ್ಡಿ ವಿಧಿಸುವುದನ್ನು ತಡೆಯಲು ಕರ್ನಾಟಕದಲ್ಲಿ 2004ರಿಂದ ಕಾಯ್ದೆಯಿದೆ, ಆದರೆ ಜೂಜಿನ ಸಾಲಗಾರ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಮನೆಯವರಿಗೆ ವಿಷಯ ತಿಳಿಯುವುದು ಬ್ಯಾಂಕಿನವರು ಅಡವಿಟ್ಟ ಮನೆಗೆ ನೋಟಿಸು ಅಂಟಿಸಿದಾಗ.

ಇಲ್ಲಿ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹೊಸ ಏರ್ಪಾಡೂ ಬೇಡ. ಸಿಂಗಪುರದಲ್ಲಿ ಜೂಜಿನಿಂದ ಹಾಳಾಗುತ್ತಿರುವ ವ್ಯಕ್ತಿಯ ಹೆಂಡತಿಯೋ ತಂದೆಯೋ ಅರ್ಜಿ ಕೊಟ್ಟು ಅವನಿಗೆ ಪ್ರವೇಶ ನಿರ್ಬಂಧ ಹಾಕಿಸಬಹುದು; ಸಾಲದ ಸುಳಿಯಲ್ಲಿರುವವನು ತಾನೇ ಸ್ವತಃ ಹಾಕಿಸಿಕೊಳ್ಳಲೂಬಹುದು. ಗೋವಾದ ಜನರನ್ನು ಹೊರಗಿಡುವುದಕ್ಕೂ, 21 ವರ್ಷ ತುಂಬದವರನ್ನು ತಡೆಯುವುದಕ್ಕೂ ಪಣಜಿಯ ಕ್ಯಾಸಿನೊಗಳ ಬಾಗಿಲಲ್ಲಿ ಗುರುತಿನ ಚೀಟಿ ನೋಡಬೇಕಾದ ಏರ್ಪಾಡು ಹೇಗೂ ಇದೆ. ಅದೇ ಬಾಗಿಲಿನಲ್ಲಿ ಬೆಳಗಾವಿಯ ಕುಟುಂಬವೊಂದು ಕೊಟ್ಟ ಹೆಸರನ್ನೂ ನೋಡುವಂತೆ ಮಾಡುವುದು ತಾಂತ್ರಿಕವಾಗಿ ಕಷ್ಟವಲ್ಲ. ಆದರೆ ಗೋವಾ ತಾನಾಗಿ ಹೀಗೆ ಮಾಡಲು ಯಾವ ಕಾರಣವೂ ಇಲ್ಲ: ಅಲ್ಲಿ ಜೂಜಿನ ಆಯುಕ್ತರೆಂದು 2020ರಲ್ಲಿ ನೇಮಕವಾದದ್ದು ವಾಣಿಜ್ಯ ತೆರಿಗೆ ಆಯುಕ್ತರೇ. ಕೇಳಬೇಕಾದದ್ದು ಕರ್ನಾಟಕ, ಮತ್ತು ಕೇಳುವ ಜಾಗವೂ ಯೋಚಿಸಬೇಕಾದದ್ದು. ನೆರೆಹೊರೆಯ ರಾಜ್ಯಗಳು ಕೂಡಿ ಚರ್ಚಿಸುವ ವಲಯ ಮಂಡಳಿಗಳಲ್ಲಿ ಗೋವಾ ಪಶ್ಚಿಮಕ್ಕೆ, ಕರ್ನಾಟಕ ದಕ್ಷಿಣಕ್ಕೆ ಸೇರಿರುವುದರಿಂದ ಅಲ್ಲಿ ಇಬ್ಬರೂ ಒಟ್ಟಿಗೆ ಕೂರುವುದಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಕೂರುತ್ತಾರೆ. ಚಿಪ್ಸ್ ತೆರಿಗೆಯ ಲೆಕ್ಕ ಹಾಕುವ ಪದ್ಧತಿಯನ್ನು ಬದಲಿಸಬೇಕೆಂಬ ಬೇಡಿಕೆಯನ್ನು ಗೋವಾ ಮತ್ತೆ ಅಲ್ಲಿಗೆ ತಂದ ದಿನ, ಅದಕ್ಕೆ ಒಪ್ಪಿಗೆ ಕೊಡುವ ಮುನ್ನ ಈ ಹೆಸರಿನ ಪಟ್ಟಿಯನ್ನು ಷರತ್ತಾಗಿ ಮುಂದಿಡುವ ಅಧಿಕಾರ ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಸಚಿವರಿಗಿದೆ.